ಅತ್ತಿಗೆಯ ದಾರಿಹೋಕರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಬೀದಿಯವರು ಹೇಳುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಮೂವತ್ತೊಂದು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಬೆನ್ನ ಹಿಂದೆ ನನ್ನ ಹೆಸರು ಸೂಜಿಮೆಣಸು. ಒಮ್ಮೆ ಹೊಸ ಗಿರಾಕಿಯೊಬ್ಬಳು ಬಾಗಿಲಲ್ಲಿ ನಿಂತು, "ಸೂಜಿಮೆಣಸು ಟೈಲರ್ ಅಂದ್ರೆ ಇದೇ ಮನೇನಾ?" ಎಂದು ನನ್ನನ್ನೇ ಕೇಳಿದಳು. ಇದೇ, ಒಳಗೆ ಬಾ ಅಂದೆ. ಅಳತೆ ತೆಗೆಯುವಾಗ ಅವಳು ಹೆದರಿ ಉಸಿರು ಬಿಗಿಹಿಡಿದಿದ್ದಳು. ಉಸಿರು ಬಿಗಿಹಿಡಿದರೆ ಅಳತೆ ತಪ್ಪುತ್ತದೆ. ಅದಕ್ಕೂ ಬೈದೆ.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ದಿನವಿಡೀ ಕತ್ತಲೆಯ ಗುಂಡಿಯಲ್ಲಿ ನಿಂತು ತಲೆಯ ಮೇಲೆ ನೇತಾಡುವ ಪೆಟ್ಟಿಗೆಯನ್ನು ನೋಡಿಕೊಂಡಿರುವ ಮನುಷ್ಯನಿಗೆ ನನ್ನ ಬಾಯಿ ಏನು ಮಹಾ? ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಾರೆ. ಹೀಗೆ ನಮ್ಮ ಸಂಸಾರ ಚೆನ್ನಾಗಿಯೇ ನಡೆದಿತ್ತು. ಆಮೇಲೆ ಅತ್ತಿಗೆ ನಮ್ಮ ಮನೆಗೆ ಬಂದಳು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಹಾಗೆ ಹೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ. ನನಗೆ ಒಂಬತ್ತು ವರ್ಷವಾದಾಗ ಅಮ್ಮ ತೀರಿಕೊಂಡಳು. ಅಪ್ಪ ಅದಕ್ಕೂ ಮುಂಚೆಯೇ ಹೋಗಿದ್ದ. ಅಣ್ಣ ಅಂಚೆಯ ವ್ಯಾನು ಓಡಿಸುತ್ತಿದ್ದ. ಅತ್ತಿಗೆಗೆ ಆಗ ಇಪ್ಪತ್ತು, ಮದುವೆಯಾಗಿ ಎರಡೇ ತಿಂಗಳು, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ. ಆ ಹೊಸ ಸಂಸಾರದೊಳಕ್ಕೆ ನಾನು ಒಂದು ಕೈಚೀಲ ಮತ್ತು ತಲೆತುಂಬ ಹೇನು ಹೊತ್ತುಕೊಂಡು ಕಾಲಿಟ್ಟೆ. ಮೂರು ಭಾನುವಾರ ಅವಳು ನನ್ನನ್ನು ಕಾಲುಗಳ ನಡುವೆ ಕೂರಿಸಿಕೊಂಡು ಬಾಚಿದಳು. ಲೆಕ್ಕದಲ್ಲಿ ನಾನು ಎರಡು ಸಲ ಫೇಲಾದಾಗ ಹೊಲಿಗೆ ತರಗತಿಗೆ ಸೇರಿಸಿದಳು. ಮದುವೆಯಾಗಿ ಹೊರಟಾಗ ತನ್ನ ತವರಿನಿಂದ ಬಂದಿದ್ದ ಹೊಲಿಗೆ ಯಂತ್ರವನ್ನು ಗಾಡಿಗೆ ಹತ್ತಿಸಿ, "ತಗೊಂಡ್ಹೋಗು, ನನಗೆಲ್ಲಿ ಹೊಲಿಯೋಕೆ ಬರುತ್ತೆ" ಅಂದಳು. ಹತ್ತು ವರ್ಷವಾದ ಮೇಲೆ ಅಣ್ಣ ಯಾವುದೋ ಮಾತಿಗೆ ಬಾಯಿಬಿಟ್ಟ: ಅಲ್ಲಿಯವರೆಗೆ ಅವನ ಅಂಗಿಗಳನ್ನೆಲ್ಲ ಹೊಲಿಯುತ್ತಿದ್ದವಳು ಅವಳೇ. ನಾನು ಆ ಯಂತ್ರದಿಂದಲೇ ಮನೆ ಕಟ್ಟಿದವಳು. ಕೇಳಿದ ದಿನ ಅದರ ಮೇಲೆ ತಲೆಯಿಟ್ಟು ಅತ್ತೆ.

ಅಣ್ಣ ಹೋಗಿ ಆರು ವರ್ಷವಾಯಿತು. ಅತ್ತಿಗೆ ಊರಿನ ಅಂಚಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಮನೆಯ ಯಜಮಾನ ಮನೆ ಬಿಡಿಸಿದಾಗ ನಾನು ಯಾರ ಮಾತಿಗೂ ಕಾಯದೆ ಗಾಡಿ ತೆಗೆದುಕೊಂಡು ಹೋಗಿ ಅವಳನ್ನು ಕರೆತಂದೆ. ಈಗ ಅವಳಿಗೆ ಅರವತ್ತೊಂಬತ್ತು. ಮಂಡಿಗೆ ಆಪರೇಷನ್ ಆಗಿ ವರ್ಷ ತುಂಬಿರಲಿಲ್ಲ. ನನ್ನ ಸರದಿ ಬಂತು ಎಂದುಕೊಂಡೆ. ಗಾಳಿ ಬರುವ ಕೋಣೆ ಅವಳಿಗೆ, ಹೊಸ ಹಾಸಿಗೆ ಅವಳಿಗೆ, ಎದ್ದ ಕೂಡಲೇ ಕಾಫಿ ಕೋಣೆಯ ಬಾಗಿಲಿಗೇ. ಪಾತ್ರೆ ಮುಟ್ಟಲು ಬಂದರೆ ಕೈಯಿಂದ ಕಸಿದುಕೊಂಡೆ. ನನ್ನ ಮಾತಿಗೂ ಇದ್ದಕ್ಕಿದ್ದಂತೆ ಮರ್ಯಾದೆ ಬಂದಿತ್ತು: "ನೀವು ಕೂತ್ಕೊಳ್ಳಿ ಅತ್ತಿಗೆ, ನಾನಿಲ್ವಾ?" ಅವಳೂ ಹಾಗೆಯೇ. "ಬೇಡಮ್ಮ, ಸಾಕಮ್ಮ, ತುಂಬಾ ಚೆನ್ನಾಗಿದೆಯಮ್ಮ." ಇಡೀ ದಿನ ಮನೆಯಲ್ಲಿ ಒಂದು ದೊಡ್ಡ ದನಿಯಿಲ್ಲ. ನನ್ನ ಹೆಮ್ಮೆ ನನಗೆ.

ಎರಡು ತಿಂಗಳಾದ ಮೇಲೆ ಕಾಗದ ಬಂತು. ಅತ್ತಿಗೆಯ ಜೊತೆ ಕೆಲಸ ಮಾಡಿ ನಿವೃತ್ತಳಾದ ಗೆಳತಿಯೊಬ್ಬಳಿದ್ದಾಳೆ, ಪಾರ್ಸೆಲ್ ವಿಭಾಗದಲ್ಲಿದ್ದುದರಿಂದ ನಮಗೆಲ್ಲ ಅವಳು ಪಾರ್ಸೆಲ್ ಅಕ್ಕ. ಇಬ್ಬರೂ ಫೋನು ಇಟ್ಟುಕೊಂಡೂ ಕಾರ್ಡು ಬರೆದುಕೊಳ್ಳುವ ಜನ. ಪಾರ್ಸೆಲ್ ಅಕ್ಕ ಇನ್ನೊಂದು ಊರಿನಲ್ಲಿ, ಒಂಟಿ ಹೆಂಗಸರಿಗಾಗಿ ಇರುವ ವಸತಿಗೃಹದಲ್ಲಿದ್ದಳು. ಅವಳ ಕೋಣೆಯಲ್ಲಿ ಎರಡನೆಯ ಮಂಚ ಖಾಲಿಯಾಗಲಿತ್ತು. ಎರಡು ತಿಂಗಳ ಒಳಗೆ ಬರುತ್ತೇನೆ ಅಥವಾ ಬರುವುದಿಲ್ಲ ಅಂತ ಹೇಳಬೇಕು, ಇಲ್ಲವಾದರೆ ಬೇರೆಯವರಿಗೆ ಹೋಗುತ್ತದೆ. ಕೊನೆಯಲ್ಲಿ ಒಂದು ಸಾಲು: "ನಿನ್ನ ದಾರಿಹೋಕರು ನಮ್ಮ ಹಿತ್ತಲಲ್ಲಿ ಇಳಿಯುತ್ತಾರೆ."

ಅತ್ತಿಗೆ ಆ ಕಾರ್ಡನ್ನು ಮುಚ್ಚಿಡಲಿಲ್ಲ. ಕಟಿಂಗ್ ಮೇಜಿನ ಮೇಲೆ ನನ್ನ ಮುಂದೆ ಇಟ್ಟು, "ಯೋಚನೆ ಮಾಡ್ತಿದೀನಿ ಕಣಮ್ಮ" ಅಂದಳು.

ದಾರಿಹೋಕರು ಯಾರು ಎಂದು ನನಗೆ ಗೊತ್ತಿತ್ತು. ಮಳೆ ನಿಂತು ಗಾಳಿ ದಿಕ್ಕು ಬದಲಿಸುವ ದಿನಗಳಲ್ಲಿ ಬೆಟ್ಟದ ಕಡೆಯಿಂದ ಬಯಲಿನ ಕಡೆಗೆ ಚಿಟ್ಟೆಗಳು ಸಾಲುಸಾಲಾಗಿ ಹೋಗುತ್ತವೆ. ಕಪ್ಪು ರೆಕ್ಕೆ, ಅದರ ಮೇಲೆ ತಿಳಿನೀಲಿ ಚುಕ್ಕೆ. ಜೊತೆಗೆ ಕಂದು ಬಣ್ಣದವು ಕೆಲವು. ಅತ್ತಿಗೆಯ ಹಳೆಯ ಮನೆಯ ಹಿತ್ತಲು ಅವುಗಳ ದಾರಿಯಲ್ಲಿತ್ತು. ಅವಳೂ ಅಣ್ಣನೂ ಮೆಟ್ಟಿಲ ಮೇಲೆ ಕೂತು ಎಣಿಸುತ್ತಿದ್ದರು. "ಇವಕ್ಕೆ ವಿಳಾಸ ಯಾರೂ ಬರ್ಕೊಟ್ಟಿಲ್ಲ, ಆದ್ರೂ ತಲುಪ್ತವೆ ನೋಡು" ಎಂದು ಅಣ್ಣ ಹೇಳುತ್ತಿದ್ದ. ಅಂಚೆಯವರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಅವಳು ಹೋದರೆ ನಾನು ಏನು ಮಾಡಲಿ? ಒಂದು ಜನ್ಮದ ಉಪಕಾರವನ್ನು ಎರಡೇ ತಿಂಗಳ ಕಾಫಿಯಲ್ಲಿ ತೀರಿಸಿ ಕಳಿಸಿಬಿಡುವುದೇ? ಅದಕ್ಕಿಂತ ಹೆಚ್ಚಾಗಿ, ಅವಳು ನನಗೆ ಬೇಕಿತ್ತು. ಆದರೆ "ಹೋಗಬೇಡ" ಎನ್ನಲು ಬಾಯಿ ಬರಲಿಲ್ಲ. ಬಲವಂತ ಮಾಡಿದರೆ ಋಣಕ್ಕೆ ಕಟ್ಟಿಹಾಕಿದ ಹಾಗಾಗುತ್ತದೆ ಎಂದುಕೊಂಡೆ. ಚಿಟ್ಟೆಗಾಗಿ ಹೋಗುತ್ತಾಳೆ ತಾನೇ, ಚಿಟ್ಟೆಯನ್ನೇ ಇಲ್ಲಿಗೆ ಕರೆಸೋಣ ಎಂದು ತೀರ್ಮಾನಿಸಿದೆ.

ಮನೆಗೂ ಕಾಂಪೌಂಡಿಗೂ ನಡುವೆ, ಅವಳ ಕಿಟಕಿಯ ಕೆಳಗೆ, ಆರು ಅಡಿ ಅಗಲದ ಒಂದು ಪಟ್ಟಿ ನೆಲ ಇತ್ತು. ಮರುದಿನವೇ ದಾರದ ಶೇಡ್ ಕಾರ್ಡು ಕೈಯಲ್ಲಿ ಹಿಡಿದುಕೊಂಡು ನರ್ಸರಿಗೆ ಹೋದೆ. ನಗಬೇಡಿ. ನಾನು ಟೈಲರು, ಬಣ್ಣ ಹೊಂದಿಸುವುದು ನನಗೆ ಗೊತ್ತಿರುವ ವಿದ್ಯೆ. ನರ್ಸರಿಯವನ ಮುಂದೆ ಕಾರ್ಡು ಬಿಚ್ಚಿ, ಈ ಕೇಸರಿ, ಈ ಗುಲಾಬಿ, ಅದರ ಪಕ್ಕ ಈ ಹಳದಿ ಎಂದು ಬೆರಳಿಟ್ಟು ತೋರಿಸಿದೆ. ಅವನು ಅದೇ ಬಣ್ಣದ ಗಿಡಗಳನ್ನು ಒಂದೊಂದಾಗಿ ತಂದು ಇಟ್ಟ. ಒಂದೊಂದು ಹೂವೂ ಮುಷ್ಟಿಯಷ್ಟು ದಪ್ಪ, ಎಸಳಿನ ಮೇಲೆ ಎಸಳು. ತಂದು ನೆಟ್ಟೆ. ಪಟ್ಟಿ ನೆಲ ಹೊಸ ಲಂಗದ ಅಂಚಿನ ಹಾಗೆ ಕಂಡಿತು.

"ಎಷ್ಟು ಚೆನ್ನಾಗಿದೆಯಮ್ಮ" ಅಂದಳು ಅತ್ತಿಗೆ.

ಎರಡು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಒಂದು ನೊಣ ಬಂತು. ನನ್ನ ಪಿತ್ತ ನೆತ್ತಿಗೇರಿತು. ಗಂಡನ ಸ್ಕೂಟರ್ ಹತ್ತಿ ನರ್ಸರಿಗೆ ಹೋಗಿ ಆ ಮನುಷ್ಯನನ್ನು ಅವನ ಗಿರಾಕಿಗಳ ಮುಂದೆಯೇ ತರಾಟೆಗೆ ತೆಗೆದುಕೊಂಡೆ. ಅವನು ಶಾಂತವಾಗಿ ಕೈ ತೊಳೆದುಕೊಂಡು ಬಂದ.

"ಅಕ್ಕಾ, ನೀವು ಬಣ್ಣ ಕೇಳಿದ್ರಿ, ಕೊಟ್ಟೆ. ಚಿಟ್ಟೆ ಅಂತ ಒಂದು ಮಾತು ಬಾಯಿಬಿಟ್ರಾ?"

ಬಿಟ್ಟಿರಲಿಲ್ಲ. ಅದು ಇನ್ನೂ ಸಿಟ್ಟು ತಂದಿತು.

"ಇವು ನೋಡೋಕೆ ಮಾಡಿರೋ ಹೂವು" ಅಂದ ಅವನು. "ಎಸಳು ತುಂಬಿ ಒಳಗೆ ಬಾಗಿಲೇ ಇಲ್ಲ, ಪಾಪ ಅದು ನಾಲಿಗೆ ಎಲ್ಲಿ ಹಾಕ್ಬೇಕು? ಮೇಲೆ ಔಷಧಿ ಬೇರೆ ಹೊಡೆದಿರ್ತೀವಿ. ನಿಮಗೆ ಬೇಕಾಗಿರೋದು ಈ ಮಣ್ಣಲ್ಲೇ ಹುಟ್ಟಿದ ಗಿಡ. ಅದನ್ನ ಯಾರೂ ಮಾರಲ್ಲ. ನಾನಂತೂ ದಿನಾ ಕಿತ್ತು ಬಿಸಾಕ್ತೀನಿ. ಬನ್ನಿ."

ನರ್ಸರಿಯ ಹಿಂದೆ, ಬೇಲಿಯಾಚೆ, ಯಾರೂ ನೀರು ಹಾಕದ ಜಾಗದಲ್ಲಿ ಅವು ಸೊಂಪಾಗಿ ಬೆಳೆದಿದ್ದವು. ಎಕ್ಕ. ಅದರ ಪಕ್ಕ ಹಳದಿ ಹೂವಿನ ಗಿಲಿಗಿಲಿ ಗಿಡ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುತ್ತದೆ. ನೆಲದ ಹತ್ತಿರ ಚೇಳುಕೊಂಡಿ, ಹೂವಿನ ಗೊಂಚಲು ಚೇಳಿನ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ. ಮೂರೂ ನಾನು ಚಿಕ್ಕಂದಿನಿಂದ ಚರಂಡಿ ಬದಿಯಲ್ಲಿ ತುಳಿದುಕೊಂಡು ಓಡಾಡಿದ ಗಿಡಗಳೇ. ಅವುಗಳಿಗೆ ಮುಖವಿದೆ ಎಂದು ಆವತ್ತೇ ನೋಡಿದ್ದು.

"ಎಕ್ಕದ ಎಲೆ ಹುಳಕ್ಕೆ ಊಟ. ಅದರ ಹಾಲು ಮಾತ್ರ ಕಣ್ಣಿಗೆ ತಾಗಿಸ್ಕೋಬೇಡಿ" ಎಂದು ಅವನು ಬೇರಿನ ಸುತ್ತ ಮಣ್ಣು ಬಿಡಿಸುತ್ತಾ ಹೇಳಿದ. "ದೂರದಿಂದ ಹಾದುಹೋಗೋವಕ್ಕೆ ಇನ್ನೆರಡು. ಔಷಧಿ ಹೊಡೀಬೇಡಿ. ಇನ್ನೊಂದು ವಿಷಯ ಅಕ್ಕಾ, ಈ ಚೇಳುಕೊಂಡಿ ಇದೆಯಲ್ಲ..."

ನಾನು ಅಷ್ಟರಲ್ಲಿ ಗೋಣಿಚೀಲ ಎತ್ತಿಕೊಂಡು ಸ್ಕೂಟರ್ ಹತ್ತಿಯಾಗಿತ್ತು. ಗಿರಾಕಿಗಳು ಕಾಯುತ್ತಿದ್ದರು. ಇನ್ನೊಂದು ವಿಷಯವನ್ನು ಕೇಳುವ ತಾಳ್ಮೆ ನನಗೆ ದೇವರು ಕೊಟ್ಟಿಲ್ಲ.

ಬಣ್ಣದ ಗಿಡಗಳನ್ನು ಕಿತ್ತು ನರ್ಸರಿಯವನಿಗೇ ವಾಪಸು ಕಳಿಸಿದೆ. ಅವುಗಳ ಜಾಗದಲ್ಲಿ ಕಳೆ ಬಂದು ಕೂತಿತು. ಬಟ್ಟೆ ಕೊಡಲು ಬಂದ ಗಿರಾಕಿಯೊಬ್ಬಳು, "ಏನಿದು, ಮನೆ ಪಕ್ಕ ಕಳೆ ಬೆಳೆಸ್ತಿದೀರಾ?" ಅಂದಳು. "ಹೌದು, ನಿಮ್ಮನೇಲಿ ಜಾಗ ಇದ್ರೆ ಹೇಳಿ, ಅಲ್ಲೂ ಬೆಳೆಸ್ತೀನಿ" ಅಂದೆ. ಅತ್ತಿಗೆ ಕಿಟಕಿಯಿಂದ ನೋಡುತ್ತಿದ್ದಳು. ಆ ಗಿಡಗಳನ್ನು ಕಂಡು ಅವಳ ಮುಖ ಒಂದು ಗಳಿಗೆ ಅರಳಿತು. ಏನೋ ಹೇಳಲು ಬಾಯಿ ತೆರೆದಳು. ಆಮೇಲೆ, "ತುಂಬಾ ಚೆನ್ನಾಗಿದೆಯಮ್ಮ" ಅಂದಳು, ಅಷ್ಟೇ.

ಈಗ ನನ್ನ ಕೈಯ ಕಥೆ ಹೇಳಬೇಕು. ಮೂವತ್ತೊಂದು ವರ್ಷ ಬಟ್ಟೆ ಮುಗಿಸಿ, ಹೊರಗೆ ಚಾಚಿದ ದಾರ ಕತ್ತರಿಸಿ ಕತ್ತರಿಸಿ ಈ ಕೈ ಹಾಳಾಗಿದೆ. ಏನು ಚಾಚಿಕೊಂಡಿದ್ದರೂ ಅದಕ್ಕೆ ಕತ್ತರಿ ಹಾಕದಿದ್ದರೆ ಸಮಾಧಾನವಿಲ್ಲ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರಿನ ದಾರ ಕತ್ತರಿಸಿ ಅವನಿಂದ ಬೈಸಿಕೊಂಡಿದ್ದೇನೆ. ಎಕ್ಕದ ಎಲೆಗಳು ಒಂದು ವಾರದಲ್ಲೇ ತೂತಾದವು, ಅಂಚು ಹರಿದವು. ಚೇಳುಕೊಂಡಿಯಂತೂ ಅಳತೆ ಮೀರಿ ಕಾಲುದಾರಿಗೆ ಕಾಲು ಚಾಚಿತು. ನಾನು ಪ್ರತಿದಿನ ಬೆಳಿಗ್ಗೆ, ಮೊದಲ ಗಿರಾಕಿ ಬರುವ ಮುಂಚೆ, ದೊಡ್ಡ ಕತ್ತರಿ ಹಿಡಿದು ಹೋಗಿ ತೂತಾದ ಎಲೆ ತೆಗೆದು, ಚಾಚಿದ ರೆಂಬೆ ಕತ್ತರಿಸಿ, ಎಲ್ಲವನ್ನೂ ಹಿಂದಿನ ನೀರಿನ ಡ್ರಮ್ಮಿನ ಪಕ್ಕ ಎಸೆದು ಬರುತ್ತಿದ್ದೆ. ಗಿಡಗಳು ಇಸ್ತ್ರಿ ಮಾಡಿದ ಹಾಗೆ ನಿಂತವು. ಚಿಟ್ಟೆ ಬರಲಿಲ್ಲ.

ದಿನಗಳು ಓಡಿದವು. ಮಳೆ ನಿಂತಿತು. ಗಾಳಿ ತಿರುಗಿತು. ನಾನು ದಿನಾ ಬೆಳಿಗ್ಗೆ ಆಕಾಶ ನೋಡುವುದು, ಕ್ಯಾಲೆಂಡರ್ ನೋಡುವುದು. ಅತ್ತಿಗೆ ದಿನಾ ಬೆಳಿಗ್ಗೆ ಕಿಟಕಿಯಲ್ಲಿ ಕೂತು ನನ್ನ ಕತ್ತರಿಯನ್ನು ನೋಡುವುದು. ಕತ್ತರಿ ಆಡಿದಾಗಲೆಲ್ಲ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಬಿಸಿಲು ಕುಕ್ಕುತ್ತದೆ ಎಂದುಕೊಂಡು ಕಿಟಕಿಗೆ ಪರದೆ ಹೊಲಿದು ಹಾಕಿದೆ.

ಒಂದು ರಾತ್ರಿ ಊಟವಾದ ಮೇಲೆ ನನ್ನ ಗಂಡ ಸ್ಪ್ಯಾನರಿನ ಪೆಟ್ಟಿಗೆ ಒರೆಸುತ್ತಾ, "ಒಂದು ಮಾತು ಹೇಳ್ಲಾ?" ಅಂದರು. ಅವರು ತಿಂಗಳಿಗೆ ಒಂದು ಮಾತು ಹೇಳುವವರು, ಬೇಡ ಎನ್ನಲಾಗುವುದಿಲ್ಲ.

"ನನ್ನನ್ನ ದಿನಕ್ಕೆ ಹತ್ತು ಸಲ ಬೈತೀಯ. ಅತ್ತಿಗೆ ಹತ್ರ ಮಾತಾಡೋದು ನೋಡಿದ್ರೆ ಗಿರಾಕಿ ಹತ್ರ ಮಾತಾಡಿದ ಹಾಗಿದೆ."

"ಗಿರಾಕಿನೂ ಬೈತೀನಿ" ಅಂದೆ.

"ಅದನ್ನೇ ಹೇಳ್ತಿರೋದು" ಎಂದು ಪೆಟ್ಟಿಗೆ ಮುಚ್ಚಿದರು.

ನನಗೆ ಅರ್ಥವಾಗಲಿಲ್ಲ. ನನಗೆ ಅನ್ನ ಹಾಕಿದವಳನ್ನು ನಾನು ಬೈಯುವುದೇ? ಅವರಿಗೇ ಎರಡು ಮಾತು ಬೈದು ಮಲಗಿದೆ.

ಪಾರ್ಸೆಲ್ ಅಕ್ಕನ ಗಡುವಿಗೆ ಎರಡೇ ದಿನ ಉಳಿದಿತ್ತು. ಅತ್ತಿಗೆ ತನ್ನ ಬಟ್ಟೆಗಳನ್ನು ಮಡಿಸಿ ಮಂಚದ ಮೇಲೆ ಜೋಡಿಸುತ್ತಿದ್ದುದನ್ನು ಹಿಂದಿನ ಸಂಜೆ ನೋಡಿದ್ದೆ. ಕೇಳುವ ಧೈರ್ಯವಾಗಿರಲಿಲ್ಲ. ಆವತ್ತು ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬ ಮದುಮಗಳ ಬಟ್ಟೆಯ ಅಂಚಿಗೆ ಕೊನೆಯ ಕೆಲಸ ಉಳಿದಿತ್ತು, ಸಂಜೆ ಕೊಡಬೇಕು. ಜರಿ ದಾರದ ಉಂಡೆ ಕಾಣೆ. ಡ್ರಾಯರು ಮಗುಚಿದೆ, ಮೇಜಿನ ಕೆಳಗೆ ತೆವಳಿದೆ. ನನ್ನ ಚಕ್ರದ ಸ್ಟೂಲೂ ಇಲ್ಲ! ಮನೆಯಲ್ಲಿ ಕಳ್ಳರು ಹೊಕ್ಕರೂ ಸ್ಟೂಲು ಒಯ್ಯುತ್ತಾರೆಯೇ ಎಂದು ಗೊಣಗುತ್ತಾ ಪಕ್ಕದ ಪಟ್ಟಿ ನೆಲಕ್ಕೆ ಬಂದೆ.

ಅತ್ತಿಗೆ ಆ ಸ್ಟೂಲಿನ ಮೇಲೆ ನಿಂತಿದ್ದಳು. ನಾಲ್ಕು ಚಕ್ರ, ಒಂದು ಕಲ್ಲುಹಾಸು, ಆಪರೇಷನ್ ಆದ ಮಂಡಿ. ಒಂದು ಕೈಯಲ್ಲಿ ಕಿಟಕಿಯ ಸರಳು, ಇನ್ನೊಂದು ಕೈಯಲ್ಲಿ ಒಣಗಿ ಕಂದುಗಟ್ಟಿದ ಗಿಡಗಳ ಒಂದು ಕಟ್ಟು. ಅದನ್ನು ನನ್ನ ಜರಿ ದಾರದಿಂದ ಸರಳಿಗೆ ಬಿಗಿಯುತ್ತಿದ್ದಳು. ಸ್ಟೂಲು ಒಂದು ಗೇಣು ಜರುಗಿತು. ಅದರ ಹಿಂದೆಯೇ ನನ್ನ ಬಾಯಿ ಹೊರಟಿತು.

"ಏಯ್ ಅತ್ತಿಗೆ! ಇಳಿ ಕೆಳಗೆ! ಬುದ್ಧಿಗಿದ್ಧಿ ಇದೆಯಾ ನಿನಗೆ? ಚಕ್ರದ ಸ್ಟೂಲು ಅದು! ಈ ವಯಸ್ಸಲ್ಲಿ ಸರ್ಕಸ್ ಸೇರ್ಕೊಂಡಿದೀಯಾ? ಬಿದ್ದು ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋರು ಯಾರು, ನಾನು ತಾನೇ? ಆ ಕಸಕ್ಕೆ ಜರಿ ದಾರ ಬೇರೆ! ಇಡೀ ಉಂಡೆ! ಸಂಜೆ ಆ ಹುಡುಗಿಗೆ ಏನು ಕೊಡ್ಲಿ, ನಿನ್ನ ತಲೆ ಕೊಡ್ಲಾ?"

ಇಷ್ಟೂ ಒಂದೇ ಉಸಿರಿಗೆ. ಆಮೇಲೆ ನನ್ನ ಕಿವಿಗೆ ನನ್ನ ಮಾತು ಬಿತ್ತು. ನೋಡಿಕೊಳ್ಳುವವರು ಯಾರು, ನಾನು ತಾನೇ. ಇದನ್ನು ಅವಳಿಗೆ ಹೇಳಿದೆನೇ? ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಅತ್ತಿಗೆ ನನ್ನ ಹೆಗಲು ಹಿಡಿದು ನಿಧಾನ ಕೆಳಗಿಳಿದಳು. ಬುಸ್ಸೆಂದು ಉಸಿರು ಬಿಟ್ಟಳು. ಸೊಂಟಕ್ಕೆ ಕೈ ಕೊಟ್ಟಳು. ನಲವತ್ತೊಂಬತ್ತು ವರ್ಷದ ಹಿಂದಿನ ಅದೇ ನಿಲುವು.

"ಮತ್ತೆ ನೀನು ಮಾಡಿದ್ದೇನು?" ಎಂದು ಶುರುಮಾಡಿದಳು, ದನಿ ಬೀದಿಗೆ ಕೇಳುವಷ್ಟು. "ದಿನಾ ಬೆಳಿಗ್ಗೆ ಎದ್ದು ಕತ್ತರಿ ಹಿಡ್ಕೊಂಡು ಕೊಲೆ ಮಾಡ್ತೀಯಲ್ಲ, ನಾಚಿಕೆ ಆಗಲ್ವಾ? ತೂತಾದ ಎಲೆ ತೆಗೀತಾಳಂತೆ! ತೂತು ಮಾಡಿದ್ದು ಯಾರೇ? ಎಲೆ ಅಡಿ ಒಂದ್ಸಲ ತಿರುಗಿಸಿ ನೋಡಿದೀಯಾ? ಮೊಟ್ಟೆ ಇತ್ತು! ಹುಳ ಇತ್ತು! ಆ ಡ್ರಮ್ಮಿನ ಹತ್ರ ಬಗ್ಗಿ ಬಗ್ಗಿ ಒಂದೊಂದೇ ಆರಿಸಿ ನನ್ನ ಸೊಂಟ ಬಿದ್ದೋಯ್ತು. ಹನ್ನೊಂದು ಹುಳ ಸಾಕಿದೀನಿ, ಬಿಸ್ಕತ್ತಿನ ಡಬ್ಬದಲ್ಲಿ, ಮಂಚದ ಕೆಳಗೆ!"

"ಮಂಚದ ಕೆಳಗೆ ಹುಳಾನಾ? ಹೊಸ ಹಾಸಿಗೆ ಕಣೇ ಅದು!"

"ಆ ಹಾಸಿಗೆ ಒಂದು! ಮಲಗಿದ್ರೆ ಮುಳುಗಿಹೋಗ್ತೀನಿ. ಎದ್ದೇಳೋಕೆ ಹತ್ತು ನಿಮಿಷ ಬೇಕು. ಪರದೆ ಹಾಕಿ ಕಿಟಕಿ ಮುಚ್ಚಿಬಿಟ್ಟೆ. ಆ ಕಾಫಿ, ಅಯ್ಯೋ, ಅದು ಕಾಫಿನಾ? ನಾಲ್ಕು ತಿಂಗಳಿಂದ ಉಪ್ಪಿಲ್ಲದ ಅಡುಗೆ ನುಂಗ್ತಿದೀನಿ!"

"ಉಪ್ಪಿಲ್ಲ ಅಂತ ಹೇಳೋಕೇನಾಗಿತ್ತು ನಿನಗೆ?"

"ನೆಂಟರ ಮನೇಲಿ ಉಪ್ಪು ಕಮ್ಮಿ ಅಂತ ಹೇಳ್ತಾರೇನೇ?"

ಅತ್ತಿಗೆಯ ಕಣ್ಣಲ್ಲಿ ನೀರು ತುಂಬಿತ್ತು. ಎಕ್ಕದ ಹಾಲು ತಾಗಿತೇನೋ ಎಂದು ಗಾಬರಿಯಾಗಿ ಸೆರಗು ಎತ್ತಿದೆ. ಅವಳು ನನ್ನ ಕೈ ಸರಿಸಿದಳು.

"ನೀನು ನಮ್ಮನೆಗೆ ಬಂದಾಗ ಎಲ್ಲರೂ ಪಾಪ, ಪಾಪ ಅಂತ ಪಿಸುಗುಟ್ಟೋರು" ಎಂದಳು, ಈಗ ದನಿ ತಗ್ಗಿತ್ತು. "ನೀನು ಒಂದು ತುತ್ತೂ ತಿಂತಿರಲಿಲ್ಲ. ನಾನೂ ಪಿಸುಗುಟ್ತಿದ್ದೆ. ಮೂರನೇ ದಿನ ದಿಂಬಿನ ಮೇಲೆ ಹೇನು ನೋಡಿ ತಡ್ಕೊಳ್ಳೋಕಾಗದೆ ಬೈದುಬಿಟ್ಟೆ. ಆವತ್ತು ನೀನು ಮೂರು ಸಲ ಬಡಿಸ್ಕೊಂಡೆ. ನಾಲ್ಕು ತಿಂಗಳಾಯ್ತು ಕಣೇ ನಾನಿಲ್ಲಿಗೆ ಬಂದು. ಗಂಡನ್ನ ಬೈತೀಯ, ಗಿರಾಕಿನ ಬೈತೀಯ, ಹಾಲಿನೋನನ್ನ ಬೈತೀಯ. ನನ್ನನ್ನ ಮಾತ್ರ ಕೂರಿಸಿ ಕಾಫಿ ಕೊಡ್ತೀಯ. ನಾನು ಯಾರು ಈ ಮನೇಲಿ? ಅದಕ್ಕೇ ಹೊರಟಿದ್ದೆ. ಚಿಟ್ಟೆಗಲ್ಲ."

ಹೇಳಬೇಕಾದ್ದನ್ನು ನಲವತ್ತೊಂಬತ್ತು ವರ್ಷದಿಂದ ಹೇಳಿರಲಿಲ್ಲ, ಈಗ ಅದು ಸರಿಯಾದ ಕ್ರಮದಲ್ಲಿ ಬರಲಿಲ್ಲ. "ಆ ಮಿಷನ್ನು ಕೊಟ್ಟೆಯಲ್ಲ" ಅಂದೆ. "ನಿನಗೆ ಹೊಲಿಯೋಕೆ ಬರಲ್ಲ ಅಂತ ಸುಳ್ಳು ಹೇಳಿ. ನನ್ನ ಮೈಮೇಲಿರೋದು, ಹೊಟ್ಟೆಗೆ ಬಿದ್ದಿರೋದು ಎಲ್ಲ ನಿನ್ನದೇ ಕಣೇ ಅತ್ತಿಗೆ. ನಿನ್ನ ಮುಂದೆ ದನಿ ಎತ್ತೋದು ಹೇಗೆ ಅಂತ ಹೆದರಿದ್ದೆ. ನಿನಗೆ ಏನು ಕೊಟ್ರೂ ಕಮ್ಮಿ ಅನ್ಸೋದು, ಅದಕ್ಕೆ ಹಾಸಿಗೆ, ಅದಕ್ಕೆ ಪರದೆ. ಹೋಗ್ಬೇಡ. ನನಗೆ ನೀನು ಬೇಕು." ಹೇಳಿ ಅತ್ತೆ, ಬೀದಿಯ ಸೂಜಿಮೆಣಸು ಮೂಗು ಸೋರಿಸಿಕೊಂಡು ನಿಂತಿತು.

"ಸುಮ್ಮನಿರು" ಅಂದಳು ಅತ್ತಿಗೆ. ಸಮಾಧಾನಕ್ಕಲ್ಲ. ಅವಳು ನನ್ನ ತಲೆಯ ಮೇಲೆ ನೋಡುತ್ತಿದ್ದಳು.

ಒಣ ಕಟ್ಟಿನ ಮೇಲೆ ಒಂದು ಕೂತಿತ್ತು. ಕಪ್ಪು ರೆಕ್ಕೆ, ತಿಳಿನೀಲಿ ಚುಕ್ಕೆ. ನಾವು ಜಗಳವಾಡುವಾಗಲೇ ಬಂದಿರಬೇಕು. ಕಾಂಪೌಂಡಿನ ಮೇಲಿಂದ ಇನ್ನೊಂದು ಇಳಿಯಿತು, ಅದರ ಹಿಂದೆ ಎರಡು, ಅದರ ಹಿಂದೆ ಕಂದು ಬಣ್ಣದ್ದೊಂದು. ನಾನು ಹಸಿರಾಗಿ ಬೆಳೆಸಿ ನೀರು ಹಾಕಿದ ಗಿಡಗಳನ್ನು ಒಂದೂ ತಿರುಗಿ ನೋಡಲಿಲ್ಲ. ಎಲ್ಲವೂ ಆ ಸತ್ತ ಕಟ್ಟಿಗೇ ಹೋಗಿ ಅಂಟಿಕೊಂಡು, ಸುರುಳಿ ನಾಲಿಗೆ ಬಿಚ್ಚಿ, ಒಣ ಕಾಂಡವನ್ನು ತಡಕುತ್ತಿದ್ದವು.

"ಒಣಗಿದ್ರೇನೇ ಅವಕ್ಕೆ ಬೇಕು" ಎಂದು ಅತ್ತಿಗೆ ಪಿಸುಗುಟ್ಟಿದಳು. "ಚೇಳುಕೊಂಡಿ ಒಣಗಿದಾಗ ಅದರ ವಾಸನೆ ದೂರಕ್ಕೆ ಹೋಗುತ್ತೆ. ಗಂಡುಗಳಿಗೆ ಆ ರಸ ಬೇಕು. ನೀನು ಕತ್ತರಿಸಿ ಎಸೆದಿದ್ದನ್ನೇ ಆರಿಸಿ ಕಟ್ಟಿದೆ. ನಿನ್ನ ಕೊಲೆಗಡುಕ ಕತ್ತರಿಗೂ ಒಂದು ಪುಣ್ಯ ಬಂತು ಬಿಡು."

ಇದೇ ನರ್ಸರಿಯವನ ಇನ್ನೊಂದು ವಿಷಯ ಇರಬೇಕು.

ನಾವು ಕಲ್ಲುಹಾಸಿನ ಮೇಲೆ ಕೂತೆವು. ಹನ್ನೆರಡು ಗಂಟೆಯವರೆಗೆ ನಲವತ್ತು ಎಣಿಸಿದೆವು, ಆಮೇಲೆ ಲೆಕ್ಕ ತಪ್ಪಿತು, ಯಾರಿಂದ ತಪ್ಪಿತು ಎಂದು ಮತ್ತೆ ಜಗಳವಾಯಿತು. ಡಬ್ಬದ ಹುಳಗಳನ್ನು ತಂದು ತೋರಿಸಿದಳು: ಕಪ್ಪು, ಹಳದಿ, ಬಿಳಿ ಪಟ್ಟೆ. ಇವು ಬೆಳೆದರೆ ಕಿತ್ತಳೆ ಬಣ್ಣದವಾಗುತ್ತವಂತೆ, ಇಲ್ಲೇ ಇರುವವಂತೆ, ದಾರಿಹೋಕರಲ್ಲವಂತೆ. ಊಟಕ್ಕೆ ಬಂದ ನನ್ನ ಗಂಡ ಬಾಗಿಲಲ್ಲಿ ನಿಂತು, ನಮ್ಮಿಬ್ಬರ ಕೆಂಪಾದ ಕಣ್ಣು ನೋಡಿ, ತಲೆಯ ಮೇಲೆ ಹಾರುವುದನ್ನು ನೋಡಿ, ಒಳಗೆ ಹೋಗಿ ತಾವೇ ಬಡಿಸಿಕೊಂಡರು. ಆ ಮನುಷ್ಯನಿಗೂ ನಾನು ಋಣಿ. ಬೇಲಿಯಾಚೆಯ ಗಿಡ ಕೊಟ್ಟವನಿಗೂ ಋಣಿ, ಅವನ ಮಾತು ಪೂರ್ತಿ ಕೇಳದೆ ಬಂದ ನನ್ನ ಅವಸರಕ್ಕೂ ಋಣಿ. ಕೇಳಿದ್ದರೆ ನಾನೇ ಅಚ್ಚುಕಟ್ಟಾಗಿ ಒಣಗಿಸಿ, ಅಚ್ಚುಕಟ್ಟಾಗಿ ಕಟ್ಟಿರುತ್ತಿದ್ದೆ. ಅತ್ತಿಗೆ ಕಿಟಕಿಯಲ್ಲಿ ಕೂತು "ತುಂಬಾ ಚೆನ್ನಾಗಿದೆಯಮ್ಮ" ಎಂದು ಹೇಳಿ, ಎರಡು ದಿನ ಬಿಟ್ಟು ಹೊರಟುಹೋಗಿರುತ್ತಿದ್ದಳು.

ಮದುಮಗಳ ಬಟ್ಟೆ ಸಂಜೆಗೆ ಮುಗಿಯಲಿಲ್ಲ. ಆ ಹುಡುಗಿಯ ತಾಯಿ ಬಂದು ನನ್ನನ್ನು ಚೆನ್ನಾಗಿ ಬೈದಳು. ತಲೆ ತಗ್ಗಿಸಿ ಕೇಳಿಸಿಕೊಂಡೆ, ಅವಳಿಗೇ ಹೆದರಿಕೆಯಾಯಿತು. ಜರಿ ದಾರ ಬಿಚ್ಚಿಕೊಳ್ಳಲು ಅತ್ತಿಗೆ ಬಿಡಲಿಲ್ಲ. ಹೊಸ ಉಂಡೆ ತರಲು ನಾನು 'ಮಾರುಕಟ್ಟೆಗೆ ಹೋಗಿಬರ್ತೀನಿ' ಎಂದು ಚಪ್ಪಲಿ ಮೆಟ್ಟುವಾಗ ಅವಳು ಅಡುಗೆಮನೆಯಿಂದ, ಕೈಯಲ್ಲಿ ಉಪ್ಪಿನ ಡಬ್ಬ ಹಿಡಿದುಕೊಂಡೇ ಬಂದು, ಒಂದು ಕಾರ್ಡು ಕೊಟ್ಟಳು. ಪಾರ್ಸೆಲ್ ಅಕ್ಕನ ವಿಳಾಸ, ಆ ಗುಂಡಗಿನ ಅಂಚೆ ಕಚೇರಿಯ ಅಕ್ಷರ.

"ಅಂಚೆ ಡಬ್ಬಕ್ಕೆ ಹಾಕಿಬಿಡು. ಮರೀಬೇಡ" ಅಂದಳು.

ಬೇರೆಯವರ ಕಾರ್ಡು ಕೈಗೆ ಬಂದರೂ ಓದಬಾರದು ಎನ್ನುವುದು ಅಂಚೆಯವರ ಕಟ್ಟುನಿಟ್ಟು. ಮೂವತ್ತೆಂಟು ವರ್ಷದ ಕೆಲಸದಲ್ಲಿ ಅತ್ತಿಗೆ ಒಂದನ್ನೂ ಓದಿಲ್ಲ. ನಾನು ಟೈಲರು. ಬೀದಿಯ ತಿರುವಿನಲ್ಲಿ ನಿಂತು ಓದಿದೆ. ಎರಡೇ ಸಾಲಿತ್ತು.

"ಮಂಚ ಬೇರೆಯವರಿಗೆ ಕೊಡು. ಇಲ್ಲಿ ನನ್ನನ್ನು ಬೈಯುವವರಿದ್ದಾರೆ."